ಯೀಸ್ಟ್ ಕೋಶ ತನ್ನ ಡಿಎನ್‌ಎಯನ್ನು ತಾನೇ ಕತ್ತರಿಸಿಕೊಳ್ಳುವುದು ಯಾಕೆ, ಮತ್ತೆ ಸೇರಿಸುವವರು ಯಾರು?

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮದು ರೋಬಸ್ಟಾ ತೋಟ. ಒಂದು ಸಣ್ಣ ಹೋಂಸ್ಟೇ ಕೂಡ ಇದೆ. ನೆಲ್ಲಿಕಾಯಿ, ಫ್ಯಾಷನ್ ಫ್ರೂಟ್ ವೈನ್ ಮನೆಯಲ್ಲೇ ಮಾಡುತ್ತೇನೆ. ಮಗ ಎಂಎಸ್ಸಿ ಓದುತ್ತಿದ್ದಾನೆ. ಅವನ ನೋಟ್ಸ್‌ನಲ್ಲಿ ಯೀಸ್ಟ್ ಬಗ್ಗೆ ಓದಿದೆ. ಮಿಯಾಸಿಸ್, ಅಂದರೆ ಕ್ರೋಮೋಸೋಮ್‌ಗಳ ಸಂಖ್ಯೆ ಅರ್ಧಕ್ಕಿಳಿಯುವ ವಿಭಜನೆ, ನಡೆಯುವ ಹೊತ್ತಿಗೆ ಕೋಶವೇ ತನ್ನ ಡಿಎನ್‌ಎಯನ್ನು ನೂರಾರು ಕಡೆ ತುಂಡು ಮಾಡಿಕೊಳ್ಳುತ್ತದೆ, ಕ್ರೋಮೋಸೋಮಿನ ಪ್ರೋಟೀನ್‌ಗಳು ಅದನ್ನು ಅದಲುಬದಲು ಮಾಡಿ ಸೇರಿಸುತ್ತವೆ ಅಂತ ಇತ್ತು. ನಾವು ಪಿಯುಸಿಯಲ್ಲಿ ಓದಿದ್ದು ಇಷ್ಟೇ: ಜೋಡಿ ಕ್ರೋಮೋಸೋಮ್‌ಗಳು ಪಕ್ಕಪಕ್ಕ ಬರುತ್ತವೆ, ತುಂಡು ಬದಲಾಯಿಸಿಕೊಳ್ಳುತ್ತವೆ. ಎಲ್ಲಿ ಕತ್ತರಿಸಬೇಕು, ಯಾರ ಜೊತೆ ಸೇರಿಸಬೇಕು ಅಂತ ನಿರ್ಧರಿಸುವವರು ಯಾರು? ಕತ್ತರಿಸಿದ್ದು ಸೇರದೇ ಹೋದರೆ ಕೋಶ ಸಾಯುವುದಿಲ್ಲವೇ? ನನ್ನ ವೈನ್ ಭರಣಿಯಲ್ಲೂ ಇದು ನಡೆಯುತ್ತಾ? ಒಂದೇ ರೋಬಸ್ಟಾ ಗಿಡದ ಬೀಜ ಹಾಕಿದರೆ ಸಸಿಗಳು ಒಂದೊಂದು ಒಂದೊಂದು ಥರ ಬರುವುದಕ್ಕೂ ಇದೇ ಕಾರಣವಾ?

ಉತ್ತರ: ಭರಣಿಯ ಪ್ರಶ್ನೆ ಮೊದಲು ಮುಗಿಸಿಬಿಡೋಣ. ಇಲ್ಲ, ನಿಮ್ಮ ಭರಣಿಯಲ್ಲಿ ಇದು ನಡೆಯುವುದಿಲ್ಲ. ಸಕ್ಕರೆ ಇರುವವರೆಗೆ ಯೀಸ್ಟಿಗೆ ಮಿಯಾಸಿಸ್ ಬೇಕಾಗಿಲ್ಲ. ಅದು ಮೊಗ್ಗು ಒಡೆದು ಬೆಳೆಯುತ್ತದೆ. ಪರಿಸ್ಥಿತಿ ಚೆನ್ನಾಗಿದ್ದರೆ ಒಂದೂವರೆ ಎರಡು ಗಂಟೆಗೆ ಒಂದು ಕೋಶ ಎರಡಾಗುತ್ತದೆ. ಹುಟ್ಟುವ ಮರಿ ಕೋಶ ತಾಯಿಯ ಪಡಿಯಚ್ಚು.

ಮಿಯಾಸಿಸ್ ಶುರುವಾಗಬೇಕಾದರೆ ಯೀಸ್ಟ್ ಹಸಿದಿರಬೇಕು. ಅದೂ ಒಂದು ನಿರ್ದಿಷ್ಟ ರೀತಿಯ ಹಸಿವು. ಸಾರಜನಕ ಇರಬಾರದು, ಸಕ್ಕರೆ ಇರಬಾರದು, ಆದರೆ ಅಸಿಟೇಟ್‌ನಂಥ ಹುದುಗು ಬರಿಸಲಾಗದ ಆಹಾರ ಸ್ವಲ್ಪ ಇರಬೇಕು. ಪ್ರಯೋಗಾಲಯದಲ್ಲಿ ನಾವು ಮಾಡುವುದೂ ಅದನ್ನೇ. ಚೆನ್ನಾಗಿ ಬೆಳೆದ ಕೋಶಗಳನ್ನು ತೊಳೆದು ಪೊಟ್ಯಾಸಿಯಂ ಅಸಿಟೇಟ್ ನೀರಿಗೆ ಹಾಕಿ 30 ಡಿಗ್ರಿಯಲ್ಲಿ ಅಲುಗಾಡಿಸುತ್ತಾ ಇಡುತ್ತೇವೆ. ಐಎಂಇ1 ಎಂಬ ಒಂದು ಜೀನ್ ಚಾಲೂ ಆಗುತ್ತದೆ. ಅಲ್ಲಿಂದ ಮುಂದೆ ನೂರಾರು ಜೀನ್‌ಗಳು ಸಾಲಾಗಿ ಎಚ್ಚರಗೊಳ್ಳುತ್ತವೆ. ಕೊನೆಗೆ ಒಂದು ಕೋಶದೊಳಗೆ ನಾಲ್ಕು ಬೀಜಕಗಳು, ಅವುಗಳ ಸುತ್ತ ಒಂದು ಚೀಲ. ಬರಗಾಲ ಮುಗಿಯುವವರೆಗೆ ಆ ಬೀಜಕಗಳು ಹಾಗೇ ಕಾದಿರಬಲ್ಲವು. ವೈನ್ ಭರಣಿಯಲ್ಲಿ ಕೊನೆಯವರೆಗೂ ಒಂದಿಷ್ಟು ಸಿಹಿ ಉಳಿದಿರುತ್ತದೆ, ಅಲ್ವಾ? ಆ ಸಿಹಿಯೇ ಐಎಂಇ1ನ್ನು ತಡೆದು ಹಿಡಿಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಮಗನ ನೋಟ್ಸ್ ಸರಿಯಾಗಿಯೇ ಇದೆ. ಆದರೆ ಅಂಥ ನೋಟ್ಸ್ ಓದಿದವರಿಗೆಲ್ಲ ಕತ್ತರಿಸುವುದೇ ದೊಡ್ಡ ಕೆಲಸ ಅನ್ನಿಸಿಬಿಡುತ್ತದೆ. ನನ್ನ ಪ್ರಕಾರ ಹಾಗಲ್ಲ. ಡಿಎನ್‌ಎ ಕತ್ತರಿಸುವುದು ಸುಲಭ, ಬಿಸಿಲಿನ ಅತಿನೇರಳೆ ಕಿರಣವೂ ಡಿಎನ್‌ಎ ಹಾಳು ಮಾಡುತ್ತದೆ. ಕತ್ತರಿಸಿದ ತುದಿ ತನ್ನ ಪಕ್ಕದಲ್ಲೇ ಇರುವ ಸುಲಭದ ಪ್ರತಿಯ ಹತ್ತಿರ ಹೋಗದೆ, ದೂರದಲ್ಲಿರುವ ಇನ್ನೊಬ್ಬ ಪೋಷಕರ ಕ್ರೋಮೋಸೋಮನ್ನು ಹುಡುಕಿಕೊಂಡು ಹೋಗುವಂತೆ ಮಾಡುವುದೇ ಕಷ್ಟದ ಕೆಲಸ. ಕ್ರೋಮೋಸೋಮಿನ ಪ್ರೋಟೀನ್‌ಗಳು ಇರುವುದೇ ಮುಖ್ಯವಾಗಿ ಅದಕ್ಕೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಯೀಸ್ಟಿನಲ್ಲಿ 16 ಬಗೆಯ ಕ್ರೋಮೋಸೋಮ್‌ಗಳಿವೆ. ಎರಡು ಕೋಶಗಳು ಕೂಡಿ ಆದ ಯೀಸ್ಟಿನಲ್ಲಿ ಪ್ರತಿಯೊಂದೂ ಎರಡೆರಡು, ಒಟ್ಟು 32. ಯೀಸ್ಟಿಗೆ ಗಂಡು ಹೆಣ್ಣು ಅಂತಿಲ್ಲ. 'ಎ' ಮತ್ತು 'ಆಲ್ಫಾ' ಅಂತ ಎರಡು ಬಗೆಯ ಕೋಶಗಳಿವೆ. ಆದರೂ ಸುಲಭಕ್ಕೆ ತಾಯಿ ಕಡೆಯದು, ತಂದೆ ಕಡೆಯದು ಅಂತಲೇ ಕರೆಯೋಣ. ಮಿಯಾಸಿಸ್‌ಗೆ ಮೊದಲು ಕೋಶ ತನ್ನ ಡಿಎನ್‌ಎಯನ್ನೆಲ್ಲ ಒಮ್ಮೆ ನಕಲು ಮಾಡಿಕೊಳ್ಳುತ್ತದೆ. ಆಗ ಪ್ರತಿ ಕ್ರೋಮೋಸೋಮಿನ ಪಕ್ಕದಲ್ಲೇ ಅದರದೇ ಇನ್ನೊಂದು ಪ್ರತಿ ಅಂಟಿಕೊಂಡಿರುತ್ತದೆ. ಇದನ್ನು ಅವಳಿ ಅನ್ನುತ್ತೇನೆ. ತಾಯಿ ಕಡೆಯ ಅವಳಿಗಳು ಒಂದು ಕಡೆ, ತಂದೆ ಕಡೆಯ ಅವಳಿಗಳು ಇನ್ನೊಂದು ಕಡೆ. ಇವೆರಡೂ ಸೇರಿ ಒಂದು ಜೋಡಿ.

ಮೊದಲ ವಿಭಜನೆಯಲ್ಲಿ ಜೋಡಿಯ ಒಂದು ಭಾಗ ಈ ತುದಿಗೆ, ಇನ್ನೊಂದು ಭಾಗ ಆ ತುದಿಗೆ ಹೋಗಬೇಕು. ಆದರೆ ಎಳೆಯುವ ದಾರಗಳಿಗೆ ಯಾರು ಯಾರ ಜೋಡಿ ಅಂತ ಗೊತ್ತಿರುವುದಿಲ್ಲ. ಜೋಡಿ ಒಂದಕ್ಕೊಂದು ಕಟ್ಟಿಕೊಂಡಿದ್ದರೆ ಮಾತ್ರ ಎರಡೂ ಕಡೆಯಿಂದ ಎಳೆದಾಗ ಬಿಗಿ ಬರುತ್ತದೆ. ಬಿಗಿ ಬಂದರೆ ಹಿಡಿತ ಸರಿಯಾಗಿದೆ ಎಂದು ಕೋಶಕ್ಕೆ ತಿಳಿಯುತ್ತದೆ. ಆ ಕಟ್ಟು ಹಾಕುವುದೇ ಕ್ರಾಸ್‌ಓವರ್, ಅಂದರೆ ತಾಯಿ ಕಡೆಯ ಒಂದು ಎಳೆಯ ತುಂಡು ತಂದೆ ಕಡೆಯ ಎಳೆಯ ತುಂಡಿಗೆ ಅದಲುಬದಲಾಗಿ ಅಂಟಿಕೊಂಡ ಜಾಗ. ಹಾಗಾಗಿ ಕ್ರಾಸ್‌ಓವರ್ ಇರುವುದು ವೈವಿಧ್ಯಕ್ಕಾಗಿ ಮಾತ್ರ ಅಂತ ತಿಳಿಯಬೇಡಿ. ಅದಿಲ್ಲದಿದ್ದರೆ ಪಾಲು ಹಂಚುವುದೇ ಕೆಡುತ್ತದೆ.

ಎಷ್ಟು ಕೆಡುತ್ತದೆ? ಒಂದೂ ಕ್ರಾಸ್‌ಓವರ್ ಇಲ್ಲ, ಎಲ್ಲವೂ ಕುರುಡು ಹಂಚಿಕೆ ಅಂದುಕೊಳ್ಳಿ. ಒಂದು ಜೋಡಿ ಸರಿಯಾಗಿ ಬೇರೆಬೇರೆ ತುದಿಗೆ ಹೋಗುವ ಸಾಧ್ಯತೆ ಅರ್ಧಕ್ಕರ್ಧ. 16 ಜೋಡಿಗಳೂ ಒಟ್ಟಿಗೆ ಸರಿಹೋಗುವ ಸಾಧ್ಯತೆ 65,536ರಲ್ಲಿ ಒಂದು. ಡಿಎನ್‌ಎ ಕತ್ತರಿಸುವ ಪ್ರೋಟೀನನ್ನು ತೆಗೆದುಹಾಕಿದ ಯೀಸ್ಟಿನಲ್ಲಿ ಬೀಜಕಗಳೇನೋ ಆಗುತ್ತವೆ, ಆದರೆ ನೂರರಲ್ಲಿ ಒಂದು ಕೂಡ ಬದುಕುವುದಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಸೂಕ್ಷ್ಮದರ್ಶಕದ ಕೆಳಗೆ ಅಗರ್ ಹಾಳೆ ಇಟ್ಟು, ಕೂದಲಿಗಿಂತ ಸಪೂರದ ಗಾಜಿನ ಕಡ್ಡಿಯಿಂದ ಒಂದು ಚೀಲದ ನಾಲ್ಕೂ ಬೀಜಕಗಳನ್ನು ಎತ್ತುತ್ತೇವೆ. ಮೊದಲೇ ಒಂದು ಕಿಣ್ವ ಹಾಕಿ ಚೀಲದ ಗೋಡೆಯನ್ನು ಮೆತ್ತಗೆ ಮಾಡಿರುತ್ತೇವೆ. ಕಡ್ಡಿಯನ್ನು ಸುಮ್ನೆ ತಾಗಿಸಿ, ಮೇಜನ್ನು ಬೆರಳಿನಿಂದ ಸಣ್ಣಗೆ ತಟ್ಟಿದರೆ ನಾಲ್ಕೂ ಬಿಡಿಬಿಡಿಯಾಗುತ್ತವೆ. ಒಂದೊಂದನ್ನೂ ಒಂದೇ ಸಾಲಿನಲ್ಲಿ ಸಮ ಅಂತರದಲ್ಲಿ ಇಡುತ್ತೇವೆ. ಎರಡು ದಿನ ಬಿಟ್ಟು ನೋಡಿದರೆ ಆರೋಗ್ಯವಂತ ಯೀಸ್ಟಿನ ತಟ್ಟೆಯಲ್ಲಿ ಸಾಲಿಗೆ ನಾಲ್ಕು ಕೆನೆಬಣ್ಣದ ಚುಕ್ಕೆಗಳು ಎದ್ದಿರುತ್ತವೆ. ಕತ್ತರಿಸುವ ಪ್ರೋಟೀನ್ ಇಲ್ಲದ ಯೀಸ್ಟಿನ ತಟ್ಟೆ ಬಹುಪಾಲು ಖಾಲಿ. ಅಲ್ಲೊಂದು ಇಲ್ಲೊಂದು ಚುಕ್ಕೆ ಇದ್ದರೆ ಇದ್ದೀತು. ಕ್ರಾಸ್‌ಓವರ್ ಅಂದರೆ ಏನು ಅಂತ ವಿದ್ಯಾರ್ಥಿಗಳಿಗೆ ಹೇಳುವಾಗ ನಾನು ಚಿತ್ರ ಬರೆಯುವುದಕ್ಕಿಂತ ಮೊದಲು ಈ ಎರಡು ತಟ್ಟೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ.

ಕತ್ತರಿಸುವ ಪ್ರೋಟೀನಿನ ಹೆಸರು ಸ್ಪೋ11. ಈ ಜೀನ್ ಬೇಕೇಬೇಕು ಎನ್ನುವುದು ಮೊದಲೇ ಗೊತ್ತಿತ್ತು. ಅದೇ ನೇರವಾಗಿ ಡಿಎನ್‌ಎ ಕತ್ತರಿಸುತ್ತದೆ ಎನ್ನುವುದು ಗೊತ್ತಾಗಿದ್ದು 1997ರಲ್ಲಿ. ಸ್ಕಾಟ್ ಕೀನಿ, ಕ್ರೇಗ್ ಜಿರೂ ಮತ್ತು ನ್ಯಾನ್ಸಿ ಕ್ಲೆಕ್ನರ್ ಒಂದು ವಿಶೇಷ ಯೀಸ್ಟ್ ತಳಿಯನ್ನು ಬಳಸಿದರು. ಅದರಲ್ಲಿ ಕತ್ತರಿಸಿದ ಪ್ರೋಟೀನ್ ಡಿಎನ್‌ಎ ತುದಿಗೇ ಅಂಟಿಕೊಂಡು ಉಳಿಯುತ್ತದೆ. ಆ ತುದಿಗಳನ್ನು ಬೇರ್ಪಡಿಸಿ, ಅಂಟಿಕೊಂಡಿರುವುದು ಯಾವುದು ಅಂತ ನೋಡಿದರೆ ಸಿಕ್ಕಿದ್ದು ಸ್ಪೋ11.

ಸಾಮಾನ್ಯ ಯೀಸ್ಟಿನಲ್ಲಿ ಅಂಟಿದ ಸ್ಪೋ11ನ್ನು ಇನ್ನೊಂದು ತಂಡ ಬಿಡಿಸುತ್ತದೆ. ಬಿಡಿಸುವಾಗ ಜೊತೆಗೆ ಚೂರು ಡಿಎನ್‌ಎಯೂ ಕಿತ್ತು ಬರುತ್ತದೆ. 2011ರಲ್ಲಿ ಈ ಚೂರುಗಳನ್ನೇ ಹೆಕ್ಕಿ ಓದಿ, ಯೀಸ್ಟಿನ ಜೀನೋಮಿನ ಉದ್ದಕ್ಕೂ ಎಲ್ಲೆಲ್ಲಿ ಕತ್ತರಿ ಬೀಳುತ್ತದೆ ಎಂಬ ನಕ್ಷೆ ತಯಾರಾಯಿತು. ಕತ್ತರಿ ಜಾಸ್ತಿ ಬೀಳುವ ಜಾಗಗಳು ಸುಮಾರು 3,600 ಸಿಕ್ಕವು. ಬಹುಪಾಲು ಜೀನ್‌ಗಳ ಆರಂಭದ ಮುಂಚಿನ ಭಾಗದಲ್ಲಿ, ಡಿಎನ್‌ಎ ಸ್ವಲ್ಪ ತೆರೆದುಕೊಂಡಿರುವ ಕಡೆ. ಒಂದು ಕೋಶದಲ್ಲಿ ಒಂದು ಮಿಯಾಸಿಸ್‌ನಲ್ಲಿ ಬೀಳುವುದು ಸುಮಾರು 160 ಕತ್ತರಿಗಳು. ನೋಟ್ಸ್‌ನ 'ನೂರಾರು' ಇದೇ ಲೆಕ್ಕ.

ಸರಿಯಾಗಿ ಸೇರದ ಒಂದೇ ಒಂದು ಕತ್ತರಿ ಕೋಶವನ್ನು ಕೊಲ್ಲಲು ಸಾಕು. ನಿಮ್ಮ ಭಯ ಸರಿಯಾದದ್ದೇ. ಅದಕ್ಕೇ ಸ್ಪೋ11ಗೆ ಒಂಟಿಯಾಗಿ ಕೆಲಸ ಮಾಡುವ ಅವಕಾಶವಿಲ್ಲ. ಯೀಸ್ಟಿನಲ್ಲಿ ಸ್ಪೋ11 ಸೇರಿ ಕನಿಷ್ಠ ಹತ್ತು ಪ್ರೋಟೀನ್‌ಗಳು ಒಟ್ಟು ಸೇರಿದರೆ ಮಾತ್ರ ಕತ್ತರಿ ಬೀಳುತ್ತದೆ. ಒಂದು ಇಲ್ಲದಿದ್ದರೂ ಇಲ್ಲ.

ಅವು ಸೇರುವ ಜಾಗ ಯಾವುದು ಎನ್ನುವಲ್ಲೇ ಕ್ರೋಮೋಸೋಮ್ ಪ್ರೋಟೀನ್‌ಗಳು ಬರುತ್ತವೆ. ಮಿಯಾಸಿಸ್ ಶುರುವಾದಾಗ ಯೀಸ್ಟಿನ ಕ್ರೋಮೋಸೋಮ್ ಕಾಳುಮೆಣಸಿನ ಗೊಂಚಲಿನ ಹಾಗೆ ಇರುತ್ತದೆ. ಗೊಂಚಲಿಗೆ ನಡುವೆ ಒಂದು ದಂಟು, ದಂಟಿನ ಸುತ್ತ ಕಾಳುಗಳು. ಇಲ್ಲಿ ದಂಟು ಪ್ರೋಟೀನಿನದು. ಅದನ್ನು ಅಕ್ಷ ಅನ್ನುತ್ತಾರೆ. ಕಾಳುಗಳ ಜಾಗದಲ್ಲಿ ಡಿಎನ್‌ಎಯ ಕುಣಿಕೆಗಳು ಹೊರಚಾಚಿರುತ್ತವೆ. ಒಂದೊಂದು ಕುಣಿಕೆ ಸುಮಾರು 15ರಿಂದ 20 ಸಾವಿರ ಡಿಎನ್‌ಎ ಅಕ್ಷರದಷ್ಟು (ಬೇಸ್) ಉದ್ದ.

ಅಕ್ಷದಲ್ಲಿ ಮೂರು ಮುಖ್ಯ ಪ್ರೋಟೀನ್‌ಗಳಿವೆ. ರೆಕ್8 ಅವಳಿಗಳನ್ನು ಒಟ್ಟಿಗೆ ಕಟ್ಟಿ ಹಿಡಿಯುವ ಕೊಹೆಸಿನ್ ಉಂಗುರದ ಭಾಗ. ಸಾಮಾನ್ಯ ವಿಭಜನೆಯಲ್ಲಿ ಆ ಜಾಗದಲ್ಲಿ ಬೇರೆ ಪ್ರೋಟೀನ್ ಇರುತ್ತದೆ. ಮಿಯಾಸಿಸ್‌ಗೆಂದೇ ರೆಕ್8 ಬರುತ್ತದೆ. ರೆಕ್8 ಇರುವ ಕಡೆ ರೆಡ್1 ಬಂದು ಕೂರುತ್ತದೆ, ತನ್ನಂಥವುಗಳ ಜೊತೆ ಸೇರಿ ಉದ್ದುದ್ದಕ್ಕೆ ಬೆಳೆಯುತ್ತದೆ. ರೆಡ್1 ಹಾಪ್1ನ್ನು ಕರೆತಂದು ಹಿಡಿದಿಟ್ಟುಕೊಳ್ಳುತ್ತದೆ. ಹಾಪ್1ಗೆ ಕೊಕ್ಕೆಯಂತೆ ಮುಚ್ಚಿ ಹಿಡಿಯುವ ಒಂದು ಭಾಗವಿದೆ. ಅದರಿಂದಲೇ ಅದು ರೆಡ್1ಗೆ ಅಂಟುತ್ತದೆ. ಈ ಎರಡೂ ಪ್ರೋಟೀನ್‌ಗಳು ಸಿಕ್ಕಿದ್ದು 1980ರ ದಶಕದಲ್ಲಿ, ಬೀಜಕ ಸಾಯುವ ಯೀಸ್ಟ್‌ಗಳನ್ನು ಹುಡುಕುತ್ತಾ ಹೋದಾಗ.

ಈಗ ಒಂದು ವಿಚಿತ್ರ ನೋಡಿ. ಕತ್ತರಿ ಬೀಳುವ ಜಾಗಗಳು ಇರುವುದು ಕುಣಿಕೆಗಳಲ್ಲಿ. ಆದರೆ ಕತ್ತರಿಸಲು ಬೇಕಾದ ರೆಕ್114, ಮೆಯ್4, ಮರ್2 ಪ್ರೋಟೀನ್‌ಗಳು ಕೂತಿರುವುದು ಅಕ್ಷದ ಮೇಲೆ. ಎರಡಕ್ಕೂ ದೂರ. ಹಾಗಾದರೆ ಕತ್ತರಿ ಬೀಳುವುದು ಹೇಗೆ? ಕುಣಿಕೆಯೇ ಅಕ್ಷದ ಹತ್ತಿರ ಬಂದು ತಾಗಬೇಕು ಎಂಬ ವಿಚಾರವನ್ನು 2002ರಲ್ಲಿ ಕ್ಲೆಕ್ನರ್ ಗುಂಪು ಮುಂದಿಟ್ಟಿತು. ಕರೆದುಕೊಂಡು ಬರುವವರು ಯಾರು ಎಂಬುದಕ್ಕೆ 2013ರಲ್ಲಿ ಉತ್ತರ ಸಿಕ್ಕಿತು. ಅದು ಎಸ್‌ಪಿಪಿ1 ಎಂಬ ಪ್ರೋಟೀನ್. ಜೀನ್‌ಗಳ ಆರಂಭದಲ್ಲಿ ಡಿಎನ್‌ಎ ಸುತ್ತಿಕೊಂಡ ಹಿಸ್ಟೋನ್ ಪ್ರೋಟೀನ್‌ಗಳ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳಿರುತ್ತವೆ. ಎಸ್‌ಪಿಪಿ1 ಒಂದು ಕಡೆಯಿಂದ ಆ ಗುರುತನ್ನು ಹಿಡಿಯುತ್ತದೆ, ಇನ್ನೊಂದು ಕಡೆಯಿಂದ ಅಕ್ಷದ ಮೇಲಿನ ಮರ್2ನ್ನು ಹಿಡಿಯುತ್ತದೆ. ಕುಣಿಕೆ ಅಕ್ಷಕ್ಕೆ ಬಂದು ಸೇರುತ್ತದೆ. ಇದಕ್ಕೆ ಒಳ್ಳೆ ಸಾಕ್ಷಿಯೂ ಇದೆ. ಸಾಮಾನ್ಯವಾಗಿ ಕತ್ತರಿಯೇ ಬೀಳದ ಒಂದು ಜಾಗಕ್ಕೆ ಎಸ್‌ಪಿಪಿ1ನ್ನು ಬೇಕಂತಲೇ ಒಯ್ದು ಕಟ್ಟಿದರು. ಅಲ್ಲೂ ಕತ್ತರಿ ಬೀಳತೊಡಗಿತು.

ಕುಣಿಕೆಯಲ್ಲೇ ಕತ್ತರಿಸಿಬಿಟ್ಟರೆ ಏನು ತೊಂದರೆ, ಯಾಕಿಷ್ಟು ಸುತ್ತುಬಳಸು ಅಂತ ನಿಮಗೆ ಅನ್ನಿಸಬಹುದು. ಕತ್ತರಿ ಬಿದ್ದ ಕ್ಷಣದಲ್ಲೇ ಆ ತುದಿ ರೆಡ್1 ಮತ್ತು ಹಾಪ್1 ಕೈಗೆ ಸಿಗಬೇಕು. ಇಲ್ಲದಿದ್ದರೆ ಅದು ಅವಳಿಯ ಹತ್ತಿರ ಓಡಿಬಿಡುತ್ತದೆ. ಇಡೀ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇಲ್ಲಿಂದ ಶುರು.

ಸಾಮಾನ್ಯ ಕೋಶದಲ್ಲಿ ಡಿಎನ್‌ಎ ತುಂಡಾದರೆ ಕೋಶ ಅವಳಿಯನ್ನು ನೋಡಿ ಸರಿಮಾಡಿಕೊಳ್ಳುತ್ತದೆ. ಅದು ಪಕ್ಕದಲ್ಲೇ ಇದೆ, ಅಕ್ಷರಕ್ಕಕ್ಷರ ಒಂದೇ, ಕೊಹೆಸಿನ್‌ನಿಂದ ಕಟ್ಟಿಯೂ ಇದೆ. ಅದಕ್ಕಿಂತ ಸುಲಭ ಇನ್ನೇನಿದೆ? ಆದರೆ ಮಿಯಾಸಿಸ್‌ನಲ್ಲಿ ಅವಳಿಯನ್ನು ನೋಡಿ ಸರಿಮಾಡಿಕೊಂಡರೆ ತಾಯಿ ಕಡೆಗೂ ತಂದೆ ಕಡೆಗೂ ಸಂಬಂಧವೇ ಬೆಳೆಯುವುದಿಲ್ಲ. ಗಾಯ ಮಾಯುತ್ತದೆ, ಜೋಡಿ ಕಟ್ಟುವುದಿಲ್ಲ. ಕೊನೆಗೆ ಹಂಚಿಕೆ ಕೆಟ್ಟು ಬೀಜಕ ಸಾಯುತ್ತದೆ. ಹಾಗಾಗಿ ಜೋಡಿ ಸಿಗುವ ತನಕ ಅವಳಿಯ ದಾರಿಯನ್ನು ಬಹುಮಟ್ಟಿಗೆ ಮುಚ್ಚಬೇಕು.

ಮುಚ್ಚುವುದು ಹೀಗೆ. ಕತ್ತರಿ ಬಿದ್ದ ತುದಿಯಲ್ಲಿ ಡಿಎನ್‌ಎಯ ಎರಡು ಎಳೆಗಳಲ್ಲಿ ಒಂದನ್ನು ಸುಮಾರು 800 ಅಕ್ಷರದಷ್ಟು ಕೊರೆದು ಹಾಕಲಾಗುತ್ತದೆ. ಇನ್ನೊಂದು ಎಳೆ ಒಂಟಿಯಾಗಿ ಉಳಿಯುತ್ತದೆ. ಇದನ್ನು ಕಂಡ ತಕ್ಷಣ ಮೆಕ್‌1 ಮತ್ತು ಟೆಲ್1 ಎಂಬ ಎಚ್ಚರಿಕೆಯ ಪ್ರೋಟೀನ್‌ಗಳು ಪಕ್ಕದ ಹಾಪ್1 ಮೇಲೆ ಫಾಸ್ಫೇಟ್ ಗುರುತು ಹಾಕುತ್ತವೆ. ಗುರುತು ಬಿದ್ದ ಹಾಪ್1 ಹತ್ತಿರ ಎಂಇಕೆ1 ಎಂಬ ಕೈನೇಸ್ (ಫಾಸ್ಫೇಟ್ ಗುರುತು ಹಾಕುವ ಕಿಣ್ವ) ಬಂದು ಚಾಲೂ ಆಗುತ್ತದೆ. ಹೆಸರು ಒಂದೇ ಥರ ಕೇಳಿಸುತ್ತದೆ, ಆದರೆ ಮೆಕ್‌1 ಬೇರೆ, ಎಂಇಕೆ1 ಬೇರೆ. ನಿಮ್ಮ ಮಗನಿಗೆ ಇದನ್ನು ಹೇಳಿ, ಪರೀಕ್ಷೆಯಲ್ಲಿ ತುಂಬಾ ಮಕ್ಕಳು ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ.

ಒಂಟಿ ಎಳೆಯ ಮೇಲೆ ಎರಡು ಹುಡುಕುವ ಪ್ರೋಟೀನ್‌ಗಳು ಕೂರುತ್ತವೆ, ರ‍್ಯಾಡ್51 ಮತ್ತು ಡಿಎಂಸಿ1. ರ‍್ಯಾಡ್51 ಎಲ್ಲ ಕೋಶಗಳಲ್ಲೂ ಇರುವ ಹಳೆಯ ಕೆಲಸಗಾರ. ಡಿಎಂಸಿ1 ಮಿಯಾಸಿಸ್‌ಗೆಂದೇ ಬಂದದ್ದು, 1992ರಲ್ಲಿ ಸಿಕ್ಕಿತು. ಎಂಇಕೆ1 ರ‍್ಯಾಡ್51ನ ಕೈ ಕಟ್ಟುತ್ತದೆ. ಎರಡು ಕಡೆಯಿಂದ ಕಟ್ಟುತ್ತದೆ ಅನ್ನಬೇಕು: ರ‍್ಯಾಡ್51ಗೆ ಬೇಕಾದ ಜೊತೆಗಾರ ರ‍್ಯಾಡ್54 ಹತ್ತಿರ ಬರದಂತೆ ಮಾಡುತ್ತದೆ, ಮತ್ತು ರ‍್ಯಾಡ್51ನ್ನು ತಡೆಯುವ ಹೆಡ್1 ಎಂಬ ಪ್ರೋಟೀನನ್ನು ಹಾಳಾಗದಂತೆ ಕಾಪಾಡುತ್ತದೆ. ರ‍್ಯಾಡ್51 ಅಲ್ಲಿ ಇರಬೇಕು, ಡಿಎಂಸಿ1ಗೆ ಬೆಂಬಲವಾಗಿ. ಆದರೆ ಹುಡುಕುವ ಕೆಲಸ ತಾನೇ ಮಾಡಬಾರದು. ಅದನ್ನು ಡಿಎಂಸಿ1 ಮಾಡುತ್ತದೆ, ಜೋಡಿಯ ಕಡೆಗೆ.

ಇದೆಲ್ಲ ನಿಜವಾ ಅಂತ ಹೇಗೆ ತಿಳಿಯುವುದು? ಒಂದು ಪ್ರಯೋಗ ಹೇಳುತ್ತೇನೆ. ಇಷ್ಟು ನೇರವಾಗಿ ಉತ್ತರ ಕೊಡುವ ಪ್ರಯೋಗಗಳು ಜೀವಶಾಸ್ತ್ರದಲ್ಲಿ ಅಪರೂಪ. ಡಿಎಂಸಿ1 ತೆಗೆದುಹಾಕಿದ ಯೀಸ್ಟನ್ನು ಮಿಯಾಸಿಸ್‌ಗೆ ಬಿಟ್ಟರೆ ಅದು ಅರ್ಧದಲ್ಲೇ ನಿಲ್ಲುತ್ತದೆ. ಕತ್ತರಿ ಬಿದ್ದ ತುದಿಗಳು ಹಾಗೇ ಇವೆ. ಪಕ್ಕದಲ್ಲೇ ಅವಳಿ ಇದೆ. ರ‍್ಯಾಡ್51 ಕೂಡ ಇದೆ. ಆದರೂ ಸರಿಹೋಗುವುದಿಲ್ಲ. ಗಂಟೆಗಟ್ಟಲೆ ಕಾಯುತ್ತದೆ.

ಈಗ ಇದೇ ಯೀಸ್ಟಿನಲ್ಲಿ ಎಂಇಕೆ1ನ್ನು ಸ್ವಲ್ಪ ಬದಲಾಯಿಸಿ ಇಟ್ಟುಕೊಂಡಿರುತ್ತಾರೆ. ಒಂದು ರಾಸಾಯನಿಕ ಹಾಕಿದರೆ ಅದೊಂದು ಕೈನೇಸ್ ಮಾತ್ರ ನಿಲ್ಲುತ್ತದೆ, ಬೇರೆ ಯಾವುದೂ ಅಲ್ಲ. ನಿಂತ ಕೋಶಗಳಿಗೆ ಆ ರಾಸಾಯನಿಕ ಹಾಕಿದರು. ತುದಿಗಳು ಬೇಗಬೇಗ ಸೇರಿಕೊಂಡವು, ಎಲ್ಲವೂ ಅವಳಿಯನ್ನು ನೋಡಿ. ಕೋಶ ಮುಂದಕ್ಕೆ ಹೋಯಿತು, ಬೀಜಕ ಆಯಿತು. ಆದರೆ ಬೀಜಕಗಳು ಬದುಕಲಿಲ್ಲ. ಅವಳಿಯ ದಾರಿ ಮೊದಲಿನಿಂದ ಅಲ್ಲೇ ಇತ್ತು, ಅದನ್ನು ಮುಚ್ಚಿದ್ದು ಎಂಇಕೆ1. ಎಂಇಕೆ1 ನಿಂತಿರುವುದು ಹಾಪ್1 ಮೇಲೆ, ಹಾಪ್1 ನಿಂತಿರುವುದು ರೆಡ್1 ಮೇಲೆ. ರೆಡ್1 ತೆಗೆದರೂ ಹೀಗೇ ಆಗುತ್ತದೆ. ಸಾಮಾನ್ಯ ಯೀಸ್ಟಿನಲ್ಲಿ ಜೋಡಿಯ ಜೊತೆಗಿನ ಬೆಸುಗೆಗಳು ಅವಳಿ ಜೊತೆಗಿನ ಬೆಸುಗೆಗಿಂತ ಸುಮಾರು 5 ಪಟ್ಟು ಜಾಸ್ತಿ. ರೆಡ್1 ಇಲ್ಲದಿದ್ದರೆ ಲೆಕ್ಕ ತಿರುಗುಮುರುಗು.

ಯಾರ ಜೊತೆ ಸೇರಿಸಬೇಕು ಅಂತ ನಿರ್ಧರಿಸುವವರು ಯಾರು ಅಂತ ಕೇಳಿದ್ದಿರಿ. ಉತ್ತರ ಇದು: ಅಕ್ಷದ ರೆಡ್1 ಮತ್ತು ಹಾಪ್1, ಅವುಗಳ ಮೇಲೆ ಕೂತ ಎಂಇಕೆ1.

ಮುಂದಿನದು ನಿಮ್ಮ ಪಿಯುಸಿ ಪುಸ್ತಕದಲ್ಲೂ ಇದ್ದ ಭಾಗ. ಜೋಡಿ ಸಿಕ್ಕಿದ ಮೇಲೆ ಎರಡು ಅಕ್ಷಗಳ ನಡುವೆ ಜಿಪ್1 ಎಂಬ ಪ್ರೋಟೀನ್ ಅಡ್ಡಡ್ಡ ಕೂತು ಎರಡನ್ನೂ ಉದ್ದಕ್ಕೂ ಸೇರಿಸುತ್ತದೆ. ಎರಡರ ನಡುವಿನ ಅಂತರ ಸುಮಾರು 100 ನ್ಯಾನೋಮೀಟರ್. ಇದೇ ಸೈನಾಪ್ಟೊನೀಮಲ್ ಕಾಂಪ್ಲೆಕ್ಸ್. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೊದಲು ಕಂಡಿದ್ದು 1956ರಲ್ಲಿ, ಜಿಪ್1 ಸಿಕ್ಕಿದ್ದು 1993ರಲ್ಲಿ.

ಇಲ್ಲಿ ಪಿಯುಸಿ ಓದಿನಿಂದ ಉಳಿಯುವ ಒಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. ಮೊದಲು ಕ್ರೋಮೋಸೋಮ್‌ಗಳು ನೀಟಾಗಿ ಜೋಡಿಯಾಗುತ್ತವೆ, ಆಮೇಲೆ ತುಂಡು ಬದಲಾಯಿಸುತ್ತವೆ ಅಂತ ನಮ್ಮೆಲ್ಲರ ತಲೆಯಲ್ಲಿ ಕೂತಿದೆ. ಯೀಸ್ಟಿನಲ್ಲಿ ಹಾಗಿಲ್ಲ. ಕತ್ತರಿ ಮೊದಲು ಬೀಳುತ್ತದೆ. ತುಂಡಾದ ತುದಿ ಜೋಡಿಯನ್ನು ಹುಡುಕಿ ಹಿಡಿಯುತ್ತದೆ. ಆ ಹಿಡಿತದಿಂದಲೇ ಜೋಡಿಯಾಗುವುದು. ಸ್ಪೋ11 ಇಲ್ಲದ ಯೀಸ್ಟಿನಲ್ಲಿ ಈ ಸೈನಾಪ್ಟೊನೀಮಲ್ ರಚನೆ ಸರಿಯಾಗಿ ಆಗುವುದೇ ಇಲ್ಲ. ಎಲ್ಲ ಜೀವಿಗಳಲ್ಲೂ ಹೀಗೇ ಅಂತಲ್ಲ. ಹಣ್ಣಿನ ನೊಣದ ಹೆಣ್ಣಿನಲ್ಲಿ ಮತ್ತು ಸೀ. ಎಲಿಗನ್ಸ್ ಹುಳದಲ್ಲಿ ಕತ್ತರಿ ಇಲ್ಲದೆಯೂ ಜೋಡಿಯಾಗುತ್ತದೆ. ಯೀಸ್ಟು, ಇಲಿ, ಮನುಷ್ಯ, ಗಿಡಗಳಲ್ಲಿ ಕತ್ತರಿ ಬೇಕು.

ಸುಮಾರು 160 ಕತ್ತರಿಗಳಲ್ಲಿ ಎಲ್ಲವೂ ಕ್ರಾಸ್‌ಓವರ್ ಆಗುವುದಿಲ್ಲ. ಆಗುವುದು ಸುಮಾರು 90. ಉಳಿದವು ಜೋಡಿಯಿಂದ ಚೂರು ನಕಲು ಮಾಡಿಕೊಂಡು ಹಿಂದಿನ ಜಾಗಕ್ಕೇ ಮರಳುತ್ತವೆ, ಇಲ್ಲವೇ ಅವಳಿಯಿಂದ ಸರಿಹೋಗುತ್ತವೆ. ಯಾವುದು ಕ್ರಾಸ್‌ಓವರ್ ಆಗಬೇಕೋ ಅಲ್ಲಿ ಜಿಪ್1ನ ಜೊತೆಗಾರರು, ಅದರಲ್ಲೂ ಎಂಎಸ್‌ಎಚ್4-ಎಂಎಸ್‌ಎಚ್5 ಎಂಬ ಜೋಡಿ ಪ್ರೋಟೀನ್, ಬೆಸುಗೆಯನ್ನು ಹಿಡಿದು ಕಾಪಾಡುತ್ತವೆ. ಕೊನೆಗೆ ಎಂಎಲ್‌ಎಚ್1-ಎಂಎಲ್‌ಎಚ್3 ಅದನ್ನು ಸರಿಯಾದ ಕಡೆ ಕತ್ತರಿಸಿ ಅದಲುಬದಲು ಪೂರ್ತಿ ಮಾಡುತ್ತವೆ. ಒಂದು ಕ್ರಾಸ್‌ಓವರ್ ಆದ ಹತ್ತಿರದಲ್ಲೇ ಇನ್ನೊಂದು ಸಾಮಾನ್ಯವಾಗಿ ಬರುವುದಿಲ್ಲ. ಹೀಗೆ ಹರಡಿ ಬೀಳುವುದರಿಂದ ಪುಟ್ಟ ಕ್ರೋಮೋಸೋಮಿಗೂ ಒಂದಾದರೂ ಸಿಗುತ್ತದೆ. ಯೀಸ್ಟಿನ ಅತಿ ಚಿಕ್ಕ ಕ್ರೋಮೋಸೋಮ್ ಒಂದನೆಯದು, ಸುಮಾರು 2.3 ಲಕ್ಷ ಅಕ್ಷರ. ದೊಡ್ಡವುಗಳಲ್ಲಿ ಒಂದು ನಾಲ್ಕನೆಯದು, ಸುಮಾರು 15 ಲಕ್ಷ. ಉದ್ದಕ್ಕೆ ಹೋಲಿಸಿದರೆ ಚಿಕ್ಕವುಗಳ ಮೇಲೆ ರೆಡ್1, ಹಾಪ್1 ದಟ್ಟವಾಗಿ ಕೂರುತ್ತವೆ. ಕತ್ತರಿಗಳೂ ಅಲ್ಲಿ ದಟ್ಟ. ಚಿಕ್ಕದನ್ನು ಕೈಬಿಡದಿರಲು ಇದು ಒಳ್ಳೆಯ ಏರ್ಪಾಡು ಅನ್ನಿಸುತ್ತದೆ ನನಗೆ.

ಕತ್ತರಿಸುವುದನ್ನು ನಿಲ್ಲಿಸುವುದೂ ಮುಖ್ಯ. ಬಣ್ಣ ಹಾಕಿ ಹರಡಿದ ಕ್ರೋಮೋಸೋಮ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದು ಕಾಣುತ್ತದೆ. ಮೊದಲ ಗಂಟೆಗಳಲ್ಲಿ ಹಾಪ್1 ಉದ್ದಕ್ಕೂ ಹೊಳೆಯುತ್ತದೆ, ಜಿಪ್1 ಬರೀ ಚುಕ್ಕೆ. ಆಮೇಲೆ ಜಿಪ್1 ಗೆರೆಯಾಗಿ ಬೆಳೆಯುತ್ತದೆ. ಅದು ಬೆಳೆದ ಕಡೆ ಹಾಪ್1 ಮಂಕಾಗುತ್ತದೆ. ಪಿಸಿಎಚ್2 ಎಂಬ ಪ್ರೋಟೀನ್ ಹಾಪ್1ನ್ನು ಕಳಚಿ ಹಾಕುವುದು ಇದಕ್ಕೆ ಕಾರಣ. ಹಾಪ್1 ಹೋದರೆ ಅಲ್ಲಿ ಹೊಸ ಕತ್ತರಿ ಬೀಳುವುದು ಕಡಿಮೆಯಾಗುತ್ತದೆ, ಎಂಇಕೆ1 ಕೂಡ ಇಳಿಯುತ್ತದೆ. ಉಳಿದಿದ್ದ ಒಂದೆರಡು ಗಾಯಗಳು ಅವಳಿಯನ್ನು ನೋಡಿ ಮಾಯಬಹುದು. ಜೋಡಿ ಸಿಕ್ಕಾಗಿದೆ, ಇನ್ನು ತಡೆ ಯಾಕೆ?

ಕತ್ತರಿಸಿದ್ದು ಸೇರದೇ ಹೋದರೆ ಅಂತ ಕೇಳಿದ್ದಿರಲ್ಲ, ಅದಕ್ಕೂ ಇಲ್ಲೇ ಉತ್ತರ. ತುದಿಗಳು ಉಳಿದಿರುವವರೆಗೆ ಎನ್‌ಡಿಟಿ80 ಎಂಬ ಪ್ರೋಟೀನ್ ಕೆಲಸ ಶುರು ಮಾಡದಂತೆ ತಡೆ ಇರುತ್ತದೆ. ಎನ್‌ಡಿಟಿ80 ಇಲ್ಲದೆ ಕೋಶ ವಿಭಜನೆಗೆ ಇಳಿಯುವುದಿಲ್ಲ. ಡಿಎಂಸಿ1 ಇಲ್ಲದ ಯೀಸ್ಟ್ ಅರ್ಧದಲ್ಲೇ ನಿಂತದ್ದು ಹೀಗೇ.

ಈಗ ನಿಮ್ಮ ತೋಟಕ್ಕೆ ಬರೋಣ. ಗಿಡಗಳಲ್ಲೂ ಇದೇ ವಂಶದ ಪ್ರೋಟೀನ್‌ಗಳಿವೆ. ಸ್ಪೋ11, ಡಿಎಂಸಿ1, ರೆಕ್8 ಹೆಚ್ಚುಕಮ್ಮಿ ಅದೇ ಹೆಸರಿನಲ್ಲೇ ಸಿಗುತ್ತವೆ. ಹಾಪ್1 ಬದಲು ಎಎಸ್‌ವೈ1, ಜಿಪ್1 ಬದಲು ಜಡ್‌ವೈಪಿ1. ಮನುಷ್ಯರಲ್ಲೂ ಇವೆ. ಹೆಣ್ಣುಮಕ್ಕಳ ಅಂಡಾಣುಗಳಲ್ಲಿ ಕತ್ತರಿ, ಜೋಡಣೆ ಎಲ್ಲ ಅವರು ಹುಟ್ಟುವ ಮೊದಲೇ ಆಗಿರುತ್ತದೆ. ರೆಕ್8 ಕಟ್ಟು ಹತ್ತಾರು ವರ್ಷ ಹಿಡಿದಿರಬೇಕು. ವಯಸ್ಸಾದಂತೆ ಅದು ಸಡಿಲವಾಗುವುದು ಡೌನ್ ಸಿಂಡ್ರೋಮ್‌ನಂಥ ಸ್ಥಿತಿಗಳಿಗೆ ಒಂದು ಕಾರಣ.

ರೋಬಸ್ಟಾದಲ್ಲಿ 11 ಜೋಡಿ ಕ್ರೋಮೋಸೋಮ್‌ಗಳಿವೆ. ಕ್ರಾಸ್‌ಓವರ್ ಒಂದೂ ಇಲ್ಲದಿದ್ದರೂ ಜೋಡಿಗಳ ಹಂಚಿಕೆಯಿಂದಲೇ 2,048 ಬಗೆಯ ಪರಾಗ ಸಾಧ್ಯ. ಕ್ರಾಸ್‌ಓವರ್ ಸೇರಿದರೆ ಲೆಕ್ಕಕ್ಕೇ ಸಿಗದಷ್ಟು. ಇದರ ಮೇಲೆ ರೋಬಸ್ಟಾ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಪಕ್ಕದ ಗಿಡದ ಪರಾಗ ಬೇಕು. ಹಾಗಾಗಿ ನೀವು ಒಂದೇ ಗಿಡದಿಂದ ಹಣ್ಣು ಕೊಯ್ದಿದ್ದರೂ ಆ ಬೀಜಗಳ ತಂದೆ ಬೇರೆಬೇರೆ ಗಿಡಗಳು. ಸಸಿಗಳು ಒಂದೊಂದು ಒಂದೊಂದು ಥರ ಬರುವುದಕ್ಕೆ ಇವೆರಡೂ ಕಾರಣ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ತಲೆಮಾರಿನಿಂದ ತಲೆಮಾರಿಗೆ ಹಾಗೇ ಬಂದ ತಳಿಯಲ್ಲಿ ಜೋಡಿಯ ಎರಡೂ ಬಹುಪಾಲು ಒಂದೇ ಆಗಿರುತ್ತವೆ. ಕತ್ತರಿಸಿ ಅದಲುಬದಲು ಮಾಡಿದರೂ ಮೇಲ್ನೋಟಕ್ಕೆ ವ್ಯತ್ಯಾಸ ಕಾಣುವುದು ಕಡಿಮೆ.

ಕೊಡಗಿನ ಕಿತ್ತಳೆ ನೋಡಿ, ಅದು ಇನ್ನೊಂದೇ ದಾರಿ ಹಿಡಿದಿದೆ. ಒಂದು ಬೀಜ ಬಿತ್ತಿದರೆ ಎರಡು ಮೂರು ಮೊಳಕೆ ಬರುವುದನ್ನು ನೀವೇ ನೋಡಿರುತ್ತೀರಿ. ಅದರಲ್ಲಿ ಹೆಚ್ಚಿನವು ತಾಯಿ ಗಿಡದ ಅಂಗಾಂಶದಿಂದಲೇ ಹುಟ್ಟಿದವು. ಮಿಯಾಸಿಸ್ ದಾಟಿಲ್ಲ, ಪರಾಗದ ಪಾಲಿಲ್ಲ. ಅದಕ್ಕೇ ಬೀಜದಿಂದ ಬೆಳೆಸಿದ ಕಿತ್ತಳೆಯೂ ತಾಯಿಯ ಹಾಗೇ ಬರುತ್ತದೆ.

ರೋಬಸ್ಟಾದಲ್ಲಿ ಒಳ್ಳೆಯ ಒಂದು ಗಿಡದ ಗುಣ ಹಾಗೇ ಬೇಕಿದ್ದರೆ ಬೀಜ ನಂಬಬೇಡಿ, ಕಡ್ಡಿಯಿಂದ ಅಥವಾ ಕಸಿಯಿಂದ ಸಸಿ ಮಾಡಿ. ನೇರವಾಗಿ ಮೇಲಕ್ಕೆ ಏಳುವ ಚಿಗುರಿನಿಂದಲೇ ಕಡ್ಡಿ ತೆಗೆಯಿರಿ. ಅಡ್ಡ ರೆಂಬೆಯಿಂದ ತೆಗೆದರೆ ಗಿಡ ನೆಟ್ಟಗೆ ಏಳದೆ ಹರಡಿಕೊಳ್ಳುತ್ತದೆ. ಇನ್ನೊಂದು ಎಚ್ಚರಿಕೆ: ಎಷ್ಟೇ ಒಳ್ಳೆಯ ಗಿಡವಾದರೂ ಇಡೀ ತೋಟಕ್ಕೆ ಅದೊಂದರದೇ ಕಡ್ಡಿ ಹಾಕಬೇಡಿ. ಎಲ್ಲವೂ ಒಂದೇ ಆದರೆ ಒಂದರ ಪರಾಗ ಇನ್ನೊಂದಕ್ಕೆ ಆಗುವುದಿಲ್ಲ. ಹೂ ತುಂಬಾ ಬಂದರೂ ಕಾಯಿ ಕಟ್ಟುವುದಿಲ್ಲ. ಒಟ್ಟಿಗೆ ಹೂ ಬಿಡುವ ಬೇರೆಬೇರೆ ಮೂರು ನಾಲ್ಕು ಒಳ್ಳೆಯ ಗಿಡಗಳನ್ನು ಗುರುತಿಸಿಟ್ಟುಕೊಂಡು, ಅವುಗಳ ಕಡ್ಡಿಯನ್ನು ಸಾಲು ಬಿಟ್ಟು ಸಾಲು ನೆಡಿ.